ಹಸಿರಾಗದ ಬಿಲ್ಡ್ – ಕಂತು ಆರು: ಏಳು ವರ್ಷದ ಕುಂಕುಮ

"ಮತ್ತೆ ಕೆಂಪು ಮೇಡಂ," ಎಂದಳು ಮಂಜುಶ್ರೀ.

ಹತ್ತೊಂಬತ್ತನೇ ಸಲ. ಪರದೆಯ ಮೇಲೆ ಅದೇ ಸಾಲು, ಅದೇ ಹಠ: ಸರ್ಟಿಫಿಕೇಟ್ ನಂಬಲಾಗುತ್ತಿಲ್ಲ, ಕೊಟ್ಟವರು ಯಾರೆಂದು ಗೊತ್ತಿಲ್ಲ. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಎಸೆದೆ. ಅದು ಉರುಳಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟು ತಾಳ್ಮೆಯೂ ನನ್ನಲ್ಲಿ ಉಳಿದಿರಲಿಲ್ಲ.

ಗಂಟೆ ಒಂದೂ ಇಪ್ಪತ್ತು. ನಾಲ್ಕಕ್ಕೆ ಮ್ಯಾನೇಜರ್ ಷಡಕ್ಷರಿ ಈ ಹುಡುಗಿಯನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಸಹಿ ಹಾಕುತ್ತಾರೆ. 'ಬೇಕೆಂದೇ ಸರ್ವರ್ ಕೆಡಿಸಿದ್ದಾಳೆ' ಎಂದು ಅದರಲ್ಲಿ ಬರೆದಿದೆ. ಹಾಗೆ ಬರೆಸಿಕೊಂಡು ಹೊರಗೆ ಹೋದವಳನ್ನು ಇನ್ನೊಂದು ಕಂಪನಿಯವರು ಗೇಟಿನೊಳಕ್ಕೂ ಬಿಡುವುದಿಲ್ಲ.

ಕಂಪನಿಯ ಯಜಮಾನಿ ಲಕ್ಷ್ಮೀದೇವಮ್ಮನವರು ಕುಣಿಗಲ್ಲಿನಿಂದ ಫೋನ್ ಮಾಡಿದ್ದರು. "ಎರಡು ದಿನ ಟೈಮು ಕೊಡ್ತೀನಿ ನೇತ್ರಾವತಿ. ಆ ಹುಡುಗಿ ತಪ್ಪು ಮಾಡವ್ಳೋ ಇಲ್ವೋ, ಅದೊಂದು ಪತ್ತೆ ಮಾಡವ್ವ." ಎರಡನೇ ದಿನದ ಊಟದ ಹೊತ್ತು ಮೀರುತ್ತಿತ್ತು. ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬಂದು ಕೂತವಳಿಗೆ ಸಿಕ್ಕಿದ್ದು ತಲೆನೋವು ಮಾತ್ರ.

ವಸಂತನರಸಾಪುರದ ಈ ಜಯಮಂಗಲಿ ಕಂಟ್ರೋಲ್ಸ್ ಕುಡಿಯುವ ನೀರಿನ ಟ್ಯಾಂಕುಗಳಿಗೆ ಒಂದು ಪೆಟ್ಟಿಗೆ ಮಾಡುತ್ತದೆ. ನೀರಿಗೆ ಎಷ್ಟು ಕ್ಲೋರಿನ್ ಬೆರೆಸಬೇಕೆಂದು ನಿರ್ಧರಿಸುವುದು ಆ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್. ಇಂಜಿನಿಯರುಗಳು ಬರೆದ ತುಂಡುತುಂಡು ಕೋಡನ್ನು ಜೋಡಿಸಿ ಆ ಸಾಫ್ಟ್‌ವೇರ್ ತಯಾರಿಸುವ ಕಂಪ್ಯೂಟರೇ ಬಿಲ್ಡ್ ಸರ್ವರ್. ಜೋಡಣೆ ಆದರೆ ಪರದೆ ಹಸಿರು, ಕೆಟ್ಟರೆ ಕೆಂಪು. ಹಸಿರಾದ ಕೂಡಲೇ ಹೊಸ ಸಾಫ್ಟ್‌ವೇರ್ ತಾನಾಗಿಯೇ ಟ್ಯಾಂಕುಗಳಿಗೆ ಹೊರಡುತ್ತದೆ, ಮೊದಲು ಕುಣಿಗಲ್ಲಿನ ಒಂದು ಬಡಾವಣೆಗೆ. ವಿಜಯದಶಮಿಯಿಂದ ಈಚೆಗೆ ಒಂಬತ್ತು ದಿನ, ಒಂದು ಸಲವೂ ಹಸಿರಾಗಿಲ್ಲ. ಆ ಸರ್ವರ್ ನೋಡಿಕೊಳ್ಳುವವಳು ಹಾಗಲವಾಡಿಯ ಮಂಜುಶ್ರೀ.

"ನನ್ನ ಹತ್ರ ಓಪನ್ ಆಗ್ತಾ ಐತಲ್ಲ ಮೇಡಂ," ಎಂದ ರವೀಶ್.

ಇವನು ನೆಟ್‌ವರ್ಕ್ ನೋಡಿಕೊಳ್ಳುವವನು. ಎರಡು ದಿನದಿಂದ ಈ ಮನುಷ್ಯನ ಬಾಯಲ್ಲಿ ಇದೊಂದೇ ಮಾತು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತಾನೆ, ಬ್ರೌಸರಿನಲ್ಲಿ ಬೀಗದ ಚಿತ್ರ ತೋರಿಸುತ್ತಾನೆ, ಎಲ್ಲಾ ಸರಿಯಾಗಿದೆ ಎನ್ನುತ್ತಾನೆ, ಹಲ್ಲು ಬಿಡುತ್ತಾನೆ.

"ನಿನ್ನ ಹತ್ರ ಓಪನ್ ಆದ್ರೆ ನಾನೇನ್ ಮಾಡ್ಲಪ್ಪ? ಬಿಲ್ಡ್ ಆಗ್ಬೇಕಾಗಿರೋದು ಅಲ್ಲಿ."

"ಅದೇ ಹೇಳ್ತಿರೋದು. ಸರ್ಟಿಫಿಕೇಟ್ ಸರ್ಯಾಗೈತೆ. ಆ ಸರ್ವರ್‌ನಲ್ಲೇ ಏನೋ ಎಡವಟ್ಟಾಗಿದೆ. ಅದನ್ನ ಮುಟ್ಟೋದು ಒಬ್ಬರೇ." ಮಂಜುಶ್ರೀಯ ಕಡೆ ನೋಡದೆಯೇ ಹೇಳಿದ. ಅವಳು ತಲೆ ಎತ್ತಲಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ. ಸರ್ವರಿನ ಗಡಿಯಾರ ನೋಡಿದ್ದೆ, ಸರಿಯಿತ್ತು. ಸರ್ಟಿಫಿಕೇಟಿನ ಅವಧಿ ನೋಡಿದ್ದೆ, ಇನ್ನೂ ಒಂದು ವರ್ಷ ಬಾಕಿಯಿತ್ತು. ಆರಿಸಿ ಹಚ್ಚಿದ್ದೆ, ಹಳೇ ಕಡತ ಅಳಿಸಿದ್ದೆ, ಬೈದಿದ್ದೆ ಕೂಡ. ಬೈಗುಳಕ್ಕೂ ಅದು ಜಗ್ಗಿರಲಿಲ್ಲ.

ಒಂದು ವಿಷಯ ಮಾತ್ರ ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಿತ್ತು. ನನಗೆ ಎರಡೇ ದಿನಕ್ಕೆ ತಲೆ ಕೆಟ್ಟಿದೆ. ಒಂಬತ್ತು ದಿನದಿಂದ ಆ ಕೆಂಪು ಪರದೆಯ ಮುಂದೆ ಕೂತಿರುವ ಮಂಜುಶ್ರೀಗೆ ಒಂದು ಸಲವೂ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಪಾಪ, ಹೆದರಿ ಕಲ್ಲಾಗಿದ್ದಾಳೆ ಅಂದುಕೊಂಡೆ.

"ನೀವು ಏನೇ ಅನ್ನಿ ಮೇಡಂ," ರವೀಶ್ ಮತ್ತೆ ಶುರುಮಾಡಿದ, "ನನ್ನ ಹತ್ರ ಓಪನ್…"

"ಬಾರಪ್ಪ ಇಲ್ಲಿ!"

ಇಪ್ಪತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಆಮೇಲೆ ಪತ್ತೇದಾರಿಕೆಗೆ ಇಳಿದವಳು ನಾನು. ಹಳೇ ಗಂಟಲು ತಾನಾಗಿಯೇ ಎದ್ದಿತು. ರವೀಶ್ ಹಿಂದಿನ ಬೆಂಚಿನ ವಿದ್ಯಾರ್ಥಿಯ ಹಾಗೆ ಎದ್ದು ಬಂದ.

"ಜಾತಿ ಸರ್ಟಿಫಿಕೇಟ್ ಕೊಡ್ತೀಯ. ಆಫೀಸಿನವರು ನಿನ್ನ ಮುಖ ನೋಡಿ ಅದನ್ನ ನಂಬಲ್ಲ, ಕೆಳಗಿರೋ ತಹಸೀಲ್ದಾರರ ಸೀಲು ನೋಡಿ ನಂಬ್ತಾರೆ. ಇಲ್ಲೂ ಹಾಗೇ. ಕೋಡೆಲ್ಲ ಇರೋ ಗೋಡೌನ್ ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸುತ್ತೆ. ಅದರ ಮೇಲಿನ ಸೀಲು ತನ್ನ ಪಟ್ಟೀಲಿದ್ರೆ ಮಾತ್ರ ಬಿಲ್ಡ್ ಸರ್ವರ್ ಒಳಗೆ ಬಿಟ್ಕೊಳ್ಳುತ್ತೆ. ಗೊತ್ತಾಯ್ತಾ?"

"ಗೊತ್ತು ಮೇಡಂ, ಅಷ್ಟೂ ಗೊತ್ತಿಲ್ವಾ?"

"ಗೊತ್ತಿಲ್ಲ ನಿಂಗೆ. ನಿನ್ನ ಬ್ರೌಸರ್ ನೋಡೋ ಪಟ್ಟಿ ಬೇರೆ. ಬಿಲ್ಡ್ ಮಾಡೋ ಪ್ರೋಗ್ರಾಂ ತನ್ನದೇ ಇನ್ನೊಂದು ಪಟ್ಟಿ ಇಟ್ಕೊಂಡಿರುತ್ತೆ. ಇಗೋ, ಈ ಫೋಲ್ಡರ್‌ನಲ್ಲಿ. ಇದಕ್ಕೆ ಹೊಸ ಸೀಲು ಸೇರಿಸೋದು ಹೀಗೆ, ಒಂದೇ ಸಾಲಿನ ಕಮಾಂಡು. ಪಾಸ್‌ವರ್ಡ್ ಕೂಡ ಹುಟ್ಟಿದಾಗ ಇದ್ದದ್ದೇ, ಯಾರೂ ಬದಲಾಯಿಸಿಲ್ಲ. ಅಲ್ಲಿ ಓಪನ್ ಆಯ್ತು ಅಂದ್ರೆ ಇಲ್ಲೂ ಆಗ್ಬೇಕು ಅಂತೇನಿಲ್ಲ. ಇನ್ನೊಂದ್ಸಲ ಆ ಮಾತು ನನ್ನ ಕಿವಿಗೆ ಬೀಳಬಾರದು."

ಕಮಾಂಡನ್ನು ಅವನ ಮುಂದೆ ಟೈಪ್ ಮಾಡಿ ತೋರಿಸಿದೆ. ಎಂಟರ್ ಒತ್ತಲಿಲ್ಲ. "ಯಾರೂ ಇದನ್ನ ಓಡಿಸಬೇಡಿ. ಯಾರ ಸೀಲು ಅಂತ ತಿಳೀದೆ ಪಟ್ಟಿಗೆ ಸೇರಿಸೋದು, ಗುರುತಿಲ್ಲದವನ ಕೈಗೆ ಮನೆ ಬೀಗದ ಕೈ ಕೊಟ್ಟ ಹಾಗೆ."

ರವೀಶ್ ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆದುಕೊಂಡ. "ನಾನೇನ್ ನಿಮ್ ಸ್ಟೂಡೆಂಟಾ ಮೇಡಂ, ಹಿಂಗ್ ಬಯ್ತೀರಲ್ಲ," ಎಂದು ಮುಖ ಊದಿಸಿಕೊಂಡು ಊಟಕ್ಕೆ ಹೋದ. ಹೋದರೆ ಹೋಗಲಿ ಎನಿಸಿತು.

ಆದರೆ ಬೈಯುತ್ತ ಬೈಯುತ್ತ ನನಗೇ ಒಂದು ಬುದ್ಧಿ ಹೊಳೆದಿತ್ತು. ಎರಡು ಪಟ್ಟಿಗಳಲ್ಲೂ 'ಜಯಮಂಗಲಿ ರೂಟ್' ಎಂಬ ಒಂದೇ ಹೆಸರಿನ ಸೀಲು ಇತ್ತು. ಹೆಸರು ನೋಡಿ ಸುಮ್ಮನಾಗಿದ್ದೆ. ಬೆರಳಚ್ಚು ನೋಡಿರಲಿಲ್ಲ.

ಪ್ರತಿ ಸೀಲಿಗೂ ಅಂಕೆ ಅಕ್ಷರಗಳ ಒಂದು ಉದ್ದನೆಯ ಬೆರಳಚ್ಚಿರುತ್ತದೆ. ಎರಡನ್ನೂ ಪ್ರಿಂಟ್ ತೆಗೆದು ಒಂದರ ಕೆಳಗೊಂದು ಇಟ್ಟೆ. ಮೊದಲ ಎರಡು ಅಕ್ಷರಗಳೇ ಹೊಂದಲಿಲ್ಲ. ಮುಂದಿನವೂ ಅಷ್ಟೆ.

ಅಂದರೆ ಬಿಲ್ಡ್ ಸರ್ವರ್ ಕೆಟ್ಟಿರಲೇ ಇಲ್ಲ. ವಿಜಯದಶಮಿಯ ದಿನ ಗೋಡೌನ್ ಸರ್ವರಿಗೆ ಕೊಟ್ಟ ಹೊಸ ಸರ್ಟಿಫಿಕೇಟಿನ ಮೇಲೆ ಬಿದ್ದದ್ದು ಕಂಪನಿಯ ಸೀಲಲ್ಲ, ಅದೇ ಹೆಸರಿನ ನಕಲಿ ಸೀಲು. ಆಫೀಸಿನ ಅರವತ್ತು ಕಂಪ್ಯೂಟರುಗಳು ಅದನ್ನು ಕಣ್ಣು ಮುಚ್ಚಿ ಒಪ್ಪಿಕೊಂಡಿದ್ದವು. ಒಪ್ಪದೆ ಒಂಬತ್ತು ದಿನ ಕೆಂಪಾಗಿ ಕೂಗಿಕೊಂಡದ್ದು ಇದೊಂದೇ. ನಾವು ಅದಕ್ಕೇ ಬೈದದ್ದು. ನನ್ನ ಮೇಲೆ ನನಗೇ ರೇಗಿತು.

"ಮಂಜುಶ್ರೀ, ಹೊಸ ಸರ್ಟಿಫಿಕೇಟಿಗೆ ಸೀಲು ಹಾಕಿದ್ದು ಯಾರಮ್ಮ?"

"ನಾನೇ ಮೇಡಂ. ಪ್ರತಿ ವರ್ಷ ವಿಜಯದಶಮಿ ದಿನ ಒಳ್ಳೇ ಗಳಿಗೇಲಿ ಹಾಕ್ತೀವಿ. ಪೆನ್‌ಡ್ರೈವ್‌ನ ಸಾರ್ ಬೀರುವಿಂದ ತೆಕ್ಕೊಟ್ರು, ಅವ್ರೆದುರಿಗೇ ಹಾಕ್ದೆ. ಅದೇ ಸೀಲು ಎಲ್ಲಾರ ಕಂಪ್ಯೂಟ್ರಿಗೂ ಹೋಯ್ತು. ವಾಪಸ್ ಕೊಟ್ಟೆ."

"ಹಿಂದಿನ ದಿನ, ಆಯುಧಪೂಜೆಗೆ? ಆ ಪೆನ್‌ಡ್ರೈವ್ ಮುಟ್ಟಿದ್ಯಾ?"

"ಇಲ್ಲ ಮೇಡಂ. ಗೇಟತ್ರ ರಂಗೋಲಿ ಬಿಡ್ತಿದ್ದೆ. ಒಳಗ್ ಬಂದಿದ್ದೇ ಮಂಗಳಾರತಿ ಆದ್ಮೇಲೆ."

ಬೆಳಿಗ್ಗೆಯೂ ಇದೇ ಉತ್ತರ ಕೊಟ್ಟಿದ್ದಳು. ಆಗ ಯಾಕೆ ಕೇಳಿದ್ದೆನೆಂದರೆ, ಈ ಕಂಪನಿಯಲ್ಲಿ ಬೇರೆಲ್ಲೂ ನಾನು ಕಾಣದ ಒಂದು ಪದ್ಧತಿಯಿದೆ. ಕಂಪನಿಯ ಸೀಲು ಒಂದು ಪೆನ್‌ಡ್ರೈವಿನಲ್ಲಿದೆ. ಇವರು ಅದಕ್ಕೆ 'ತಾಯಿ ಕೀ' ಅಂತಾರೆ. ವರ್ಷವಿಡೀ ಅದು ಷಡಕ್ಷರಿಯವರ ಬೀರುವಿನೊಳಗೆ. ಆಯುಧಪೂಜೆಯ ದಿನ ಮಾತ್ರ ಹೊರಗೆ ಬಂದು ಸ್ಪ್ಯಾನರು, ಸ್ಕ್ರೂಡ್ರೈವರುಗಳ ಜೊತೆ ಪೂಜೆಯ ತಟ್ಟೆಯಲ್ಲಿ ಕೂರುತ್ತದೆ, ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಕಂಪನಿಯ ಪ್ರಾಣವೇ ಒಂದು ಗಂಟೆ ಹೊತ್ತು, ನೂರು ಜನರ ನಡುವೆ, ಕಡಲೆಪುರಿಯ ಪಕ್ಕದಲ್ಲಿ! ಕೇಳಿದಾಗ ಹಣೆ ಚಚ್ಚಿಕೊಳ್ಳೋಣ ಅನಿಸಿತ್ತು.

ಎರಡೂ ಕಾಗದ ಹಿಡಿದು ಷಡಕ್ಷರಿಯವರ ಕೋಣೆಗೆ ನುಗ್ಗಿದೆ. ಊಟಕ್ಕೆ ಹೋಗಿದ್ದಾರೆ, ಕೂತಿರಿ ಎಂದರು. ಕೂತೆ. ಆಮೇಲೆ ಮೀಟಿಂಗಿದೆ ಎಂದರು. ಮತ್ತೂ ಕೂತೆ. ಮೇಜಿನ ಮೇಲೆ ಮಂಜುಶ್ರೀಯ ಹೆಸರಿನ ಪತ್ರ ಗಾಜಿನ ಗುಂಡಿನಡಿ ಸಹಿಗೆ ಕಾಯುತ್ತಿತ್ತು. ಅವರು ಒಳಗೆ ಬಂದಾಗ ಮೂರೂ ಕಾಲು.

"ಬೀರು ತೆಗೀರಿ."

"ಯಾಕ್ರೀ? ಅದು ಕಂಪನಿ ಗುಟ್ಟು. ಹೊರಗಿನವರಿಗೆ ತೋರಿಸೋ ಹಾಗಿಲ್ಲ."

"ನೂರು ಜನ ಮಂಗಳಾರತಿ ತಗೊಂಡಿರೋ ಗುಟ್ಟು ತಾನೆ? ತೆಗೀರಿ. ಇಲ್ಲಾಂದ್ರೆ ಲಕ್ಷ್ಮೀದೇವಮ್ಮೋರಿಗೆ ಫೋನ್ ಹಚ್ತೀನಿ."

ಗೊಣಗುತ್ತ ಸೊಂಟದಿಂದ ಬೀಗದ ಕೈ ತೆಗೆದರು. ಕೆಂಪು ಬಟ್ಟೆಯ ಚೀಲದೊಳಗಿನಿಂದ ಪೆನ್‌ಡ್ರೈವ್ ಹೊರಗೆ ಬಂತು. ಬೆಳ್ಳಿಯ ಬಣ್ಣ, ಮೇಲೊಂದು ಕುಂಕುಮದ ಬೊಟ್ಟು.

ಪೂಜೆ ಮಾಡುವ ನರಸಯ್ಯನನ್ನು ಕರೆಸಿದೆ. ಕಂಪನಿ ಶುರುವಾದಾಗಿನಿಂದ ಇಲ್ಲಿ ಎಲೆಕ್ಟ್ರಿಷಿಯನ್. ಹಬ್ಬದ ದಿನ ಸ್ಟೇಪ್ಲರಿಗೂ ಬೊಟ್ಟಿಡದೆ ಬಿಡುವವನಲ್ಲ. ಅವನು ಪೆನ್‌ಡ್ರೈವನ್ನು ಕಿಟಕಿಯ ಬೆಳಕಿಗೆ ಹಿಡಿದ, ಉಗುರಿನಿಂದ ಅಂಚು ಕೆರೆದ.

"ಇದು ನಮ್ಮದಲ್ಲ ಕಣವ್ವ."

"ಏನ್ಲಾ ಹೇಳ್ತಿದ್ದೀಯ?" ಷಡಕ್ಷರಿ ಕುರ್ಚಿಯಿಂದ ಅರ್ಧ ಎದ್ದರು.

"ಇನ್ನೇನ್ ಸಾಮಿ? ಏಳು ವರ್ಷದಿಂದ ನಾನೇ ಕುಂಕುಮ ಇಡ್ತಿವ್ನಿ. ನಮ್ದುಕ್ಕೆ ಈ ಸಂದಿ ಪೂರಾ ಕೆಂಪು ಕೂತೈತೆ. ಸೂಜಿ ಹಾಕಿ ಕೆದಕಿದ್ರೂ ಬರಾಕಿಲ್ಲ. ಇದು ನೋಡಿ, ಅಂಗಡಿಯಿಂದ ತಂದಂಗೈತೆ. ಬೊಟ್ಟೂ ನಂದಲ್ಲ. ನಾನು ಮೊದ್ಲು ಇಬೂತಿ ಎಳೀದೆ ಕುಂಕುಮ ಇಡೋನೇ ಅಲ್ಲ."

ನರಸಯ್ಯನನ್ನು ಕಳುಹಿಸಿ ಬಾಗಿಲು ಹಾಕಿದೆ.

"ಈಗ ಹೇಳಿ ಷಡಕ್ಷರಿಯವರೇ. ಹುಡುಗಿ ಏನು ಕೆಡಿಸಿದಳು? ನಿಮ್ಮ ಬೀರುವಿನಿಂದ ನೀವು ಕೊಟ್ಟದ್ದರಲ್ಲಿ ಸೀಲು ಹಾಕಿದಳು. ಅದು ನಕಲಿ. ಬೀಗದ ಕೈ ಯಾರ ಸೊಂಟದಲ್ಲಿದೆ?"

"ನನ್ನ ಮೇಲೇ ಬರ್ತೀರಾ? ಇಪ್ಪತ್ತೆರಡು ವರ್ಷ ದುಡಿದಿದ್ದೀನಿ ರೀ ಈ ಮನೆತನಕ್ಕೆ!"

"ದುಡಿದವರೇ ತಾನೆ ಬೀರು ತೆಗೆಯೋದು? ಅಸಲಿ ಎಲ್ಲಿ? ಅದು ಸಿಕ್ಕವನ ಮಾತನ್ನ ಇಲ್ಲಿನ ಪ್ರತಿಯೊಂದು ಕಂಪ್ಯೂಟರೂ ಕೇಳುತ್ತೆ, ಗೊತ್ತಾ ನಿಮಗೆ?"

"ಗೊತ್ತು ರೀ, ಗೊತ್ತು!" ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ನಿಜಕ್ಕೂ ಹೆದರಿದ್ದರು. ಕಳ್ಳ ಹೀಗೆ ಬೆವರುವುದನ್ನು ನಾನು ನೋಡಿದ್ದೇನೆ, ಕಳೆದುಕೊಂಡವನು ಹೀಗೆ ಬೆವರುವುದನ್ನೂ ನೋಡಿದ್ದೇನೆ. "ಬೀರು ತೆಗೆದಿದ್ದು ನಾನು. ಒಪ್ಕೋತೀನಿ. ಆದರೆ ತಟ್ಟೆ ಹೊತ್ತಿದ್ದು ನಾನಲ್ಲ."

"ಮತ್ತೆ?"

"ಹೆಣ್ಣುಮಕ್ಕಳ ಕೈಲೇ ತಟ್ಟೆ ಹೊರಗೆ ಬರಬೇಕು ಅಂತ ಅಮ್ಮಾವ್ರ ಪದ್ಧತಿ. ಪೂಜೆ ಮುಗಿದ ಮೇಲೆ ತಟ್ಟೆ ಹೊತ್ತವರೇ ಚೀಲಕ್ಕೆ ಹಾಕಿ ಕೊಡ್ತಾರೆ, ನಾನು ಒಳಗಿಡ್ತೀನಿ. ಆಫೀಸ್ ಗ್ರೂಪ್‌ನಲ್ಲಿ ಫೋಟೋ ಇದೆ. ತಗೊಳ್ಳಿ, ನೋಡಿ!"

ಮೊಬೈಲನ್ನು ನನ್ನ ಮುಂದೆ ತಳ್ಳಿದರು.

ಬಾಳೆಕಂದು, ಚೆಂಡುಹೂವು, ಮಾವಿನ ತೋರಣ. ನಡುವೆ ಹಸಿರು ರೇಷ್ಮೆ ಸೀರೆ. ಎರಡೂ ಕೈಯಲ್ಲಿ ತಟ್ಟೆ ಹಿಡಿದು, ನಗುತ್ತ ಬರುತ್ತಿರುವವಳು ಮಂಜುಶ್ರೀ.

ಎರಡು ಸಲ ದೊಡ್ಡದು ಮಾಡಿ ನೋಡಿದೆ. ಅವಳೇ. ಗೇಟಿನ ಬಳಿ ರಂಗೋಲಿ ಬಿಡುತ್ತಿದ್ದವಳು. ಮಂಗಳಾರತಿ ಆದಮೇಲೆ ಬಂದವಳು. ಎರಡು ದಿನ ನಾನು ಯಾರ ಪರವಾಗಿ ಈ ಆಫೀಸಿನವರ ಜೊತೆ ಕಚ್ಚಾಡಿದೆನೋ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದಳು. ನನಗೆ ಮೋಸ ಹೊಸದಲ್ಲ, ಆದರೂ ನೋವಾಯಿತು.

ಬಾಗಿಲು ತೆಗೆದು ಕೂಗಬೇಕೆಂದು ಎದ್ದೆ. ಕೂಗುವ ಅಗತ್ಯ ಬೀಳಲಿಲ್ಲ. ಮಂಜುಶ್ರೀ ತಾನೇ ಬಾಗಿಲು ತಳ್ಳಿ ಒಳಗೆ ಬಂದು ನಿಂತಳು. ನರಸಯ್ಯ ಹೇಳಿರಬೇಕು.

"ಯಾಕಮ್ಮ ಸುಳ್ಳು ಹೇಳ್ದೆ?" ನನ್ನ ದನಿ ನನಗೇ ಒರಟಾಗಿ ಕೇಳಿತು.

ಅವಳು ವ್ಯಾನಿಟಿ ಬ್ಯಾಗಿನಿಂದ ಟಿಫನ್ ಡಬ್ಬಿ ತೆಗೆದಳು. ಡಬ್ಬಿಯೊಳಗೆ ಕರವಸ್ತ್ರದ ಗಂಟು. ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು, ಸಹಿಗೆ ಕಾಯುತ್ತಿದ್ದ ಪತ್ರದ ಪಕ್ಕದಲ್ಲೇ.

ಸಂದಿಸಂದಿಗೂ ಕುಂಕುಮ ಕಪ್ಪುಗಟ್ಟಿದ್ದ ಹಳೇ ಪೆನ್‌ಡ್ರೈವ್.

"ಕಳುವಾಗಿಲ್ಲ ಮೇಡಂ. ನಾನೇ ಎತ್ತಿಟ್ಕೊಂಡೆ. ಪೂಜೆ ಆದ್ಮೇಲೆ ಚೀಲಕ್ಕೆ ಹಾಕೋವಾಗ ಬದಲಾಯಿಸ್ದೆ, ಬೊಟ್ಟೂ ನಾನೇ ಇಟ್ಟೆ. ಆ ನಕಲಿ ಸೀಲೂ ನಾನೇ ಮಾಡಿದ್ದು."

"ನೋಡಿದ್ರಾ! ನೋಡಿದ್ರೇನ್ರೀ!" ಷಡಕ್ಷರಿ ಪೆನ್ನಿಗೆ ಕೈ ಹಾಕಿದರು.

"ಸುಮ್ನಿರಿ ನೀವು." ನಾನು ಮಂಜುಶ್ರೀಯತ್ತ ತಿರುಗಿದೆ. "ಬಿಲ್ಡ್ ನಿಂತುಹೋಗುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ನಿಲ್ಲಲಿ ಅಂತಲೇ ಮಾಡ್ದೆ ಮೇಡಂ." ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ಹೊಸ ಸಾಫ್ಟ್‌ವೇರ್‌ನಲ್ಲಿ ಒಂದ್ ಸಾಲು ಇಲ್ಲ. ಕ್ಲೋರಿನ್ನು ಇಷ್ಟಕ್ಕಿಂತ ಮೇಲೆ ಹೋಗ್ಬಾರ್ದು ಅಂತ ತಡೆಯೋ ಸಾಲು. ಯಾರೋ ತೆಗ್ದವ್ರೆ. ನಾನು ವಾಪಸ್ ಹಾಕ್ದೆ. ಬೆಳಿಗ್ಗೆ ನೋಡಿದ್ರೆ ಮತ್ತೆ ಇಲ್ಲ. ಇನ್ನೊಂದ್ಸಲ ಹಾಕ್ದೆ, ಆವಾಗ್ಲೂ ಹಂಗೇ. ವಿಜಯದಶಮಿ ದಿನ ಕುಣಿಗಲ್ಲಿಗೆ ಹೋಗ್ಬೇಕಿತ್ತು ಅದು. ನಿಲ್ಲಿಸೋಕೆ ನಂಗೆ ಬೇರೆ ದಾರಿ ತೋಚ್ಲಿಲ್ಲ."

"ಯಾರಿಗಾದ್ರೂ ಹೇಳಬಾರದಾಗಿತ್ತಾ? ನನಗೆ ಹೇಳೋಕೆ ಏನಾಗಿತ್ತು?"

"ನೀವು ಯಾರ ಕಡೆಯೋರು ಅಂತ ನಂಗೇನ್ ಗೊತ್ತು ಮೇಡಂ? ಬಂದಾಗಿಂದ ಬಿಲ್ಡ್ ಹಸಿರು ಮಾಡ್ಬೇಕು, ಹಸಿರು ಮಾಡ್ಬೇಕು ಅಂತ ಒಂದೇ ಸಮ ಒದ್ದಾಡ್ತಿದ್ರಿ." ಕಣ್ಣು ತುಂಬಿಕೊಂಡವು. "ಕೆಲ್ಸ ಹೋದ್ರೆ ಹೋಗ್ಲಿ, ಅದು ಮಾತ್ರ ಕೆಂಪಾಗೇ ಇರ್ಲಿ ಅಂದ್ಕೊಂಡಿದ್ದೆ."

ಒಂಬತ್ತು ದಿನ ಆ ಕೆಂಪು ಪರದೆಯ ಮುಂದೆ ಅವಳು ಕೂತಿದ್ದದ್ದು ಕಾವಲಿಗೆ. ನಾಚಿಕೆಯಾಯಿತು.

"ಯಾರ ಹೆಸರಲ್ಲಿ ಆ ಸಾಲು ತೆಗೆದಿದ್ದಾರೆ?" ಎಂದು ಕೇಳಿದೆ.

ಅವಳು ಷಡಕ್ಷರಿಯವರ ಕಡೆ ನೋಡಿದಳು. "ಸಾರ್ ಹೆಸರಲ್ಲಿ. ಮೂರು ಸಲಾನೂ. ಅದಕ್ಕೇ ಸಾರ್‌ಗೆ ಹೇಳ್ಲಿಲ್ಲ."

"ನನ್ನ ಹೆಸರಲ್ಲಾ?" ಷಡಕ್ಷರಿಯವರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. "ನಾನು ಕೋಡ್ ಬರೆದು ಹನ್ನೆರಡು ವರ್ಷ ಆಯ್ತಲ್ಲಮ್ಮ! ಲಾಗಿನ್ ಆಗೋದು ಹೇಗೆ ಅನ್ನೋದೇ ಮರೆತಿದ್ದೀನಿ. ಬೇಕಾದಾಗ ಎಲ್ಲಾ ಅವನೇ ಮಾಡ್ಕೊಡ್ತಾನೆ. ನನ್ನ ಪಾಸ್‌ವರ್ಡ್ ಇರೋದೂ ಅವನ ಹತ್ರಾನೇ…"

"ಯಾರ ಹತ್ರ?"

ಮೇಜಿನ ಮೇಲಿದ್ದ ನನ್ನ ಫೋನ್ ಹೊಡೆದುಕೊಂಡಿತು. ರವೀಶ್. ಕತ್ತರಿಸಬೇಕೆಂದು ಹೋದ ಬೆರಳು ಅವಸರದಲ್ಲಿ ಸ್ಪೀಕರ್ ಒತ್ತಿತು. ಷಡಕ್ಷರಿ ಆ ಫೋನಿನ ಕಡೆಗೇ ಕೈ ತೋರಿಸಿದರು.

"ಮೇಡಂ, ಬಯ್ದ್ರೂ ಚೆನ್ನಾಗ್ ಪಾಠ ಹೇಳ್ಕೊಟ್ರಿ ಬುಡಿ!" ಅವನ ಉತ್ಸಾಹ ಕೋಣೆ ತುಂಬಿತು. "ಫೋಟೋ ಹೊಡ್ಕೊಂಡಿದ್ನಲ್ಲ, ನೀವು ತೋರ್ಸಿದ್ ಅದೇ ಒಂದ್ ಸಾಲು. ಮಂಜುಶ್ರೀ ಸೀಟಲ್ಲಿರ್ಲಿಲ್ಲ, ಅಲ್ಲೇ ಕೂತು ಹಂಗೇ ಹಾಕ್ದೆ, ಪಟ್ಟಿಗೆ ಸೇರ್ಕೊಂತು. ಹಸಿರು ಬಂತು ಮೇಡಂ! ಇಪ್ಪತ್ತು ನಿಮಿಷ ಆಯ್ತು, ಆಗ್ಲೇ ಕುಣಿಗಲ್ ಟ್ಯಾಂಕಿಗೆ ಹೋಗಿ ಕೂತ್ಕಂಡೈತೆ."